ಕಣ್ಣೀರು ತೋರಿಸಿ ಅಲ್ಲ, ಲೆಕ್ಕ ತೋರಿಸಿ ಕೇಳೋಣ



ವರದಕ್ಷಿಣೆ ಕಿರುಕುಳಕ್ಕೂ ಗಂಡನ ಹೊಡೆತಕ್ಕೂ ಹಬ್ಬ ಹುಣ್ಣಿಮೆಯ ಬಿಡುವಿಲ್ಲ. ಆದರೆ ಅಂಥ ಮನೆಯಿಂದ ಹೊರಬಂದ ಹೆಣ್ಣಿಗೆ ನೆರವಾಗುವ ಸಂಸ್ಥೆಗಳು ಜನರ ಮುಂದೆ ಕೈ ಚಾಚುವುದು ಹೆಚ್ಚಾಗಿ ಮಾರ್ಚ್ 8ರ ಮಹಿಳಾ ದಿನದ ಹೊತ್ತಿಗೆ, ಇಲ್ಲವೇ ನವೆಂಬರ್ 25ರ ದೌರ್ಜನ್ಯ ವಿರೋಧಿ ದಿನದ ಹೊತ್ತಿಗೆ. ಶಾಮಿಯಾನ ಬಿಚ್ಚಿದ ಮೇಲೆ ಡಬ್ಬಿ ಖಾಲಿ. ಆಷಾಢದ ಒಂದು ರಾತ್ರಿ ಮಗುವನ್ನು ಎತ್ತಿಕೊಂಡು ಬೆಳ್ಳಾವಿಯಿಂದ ತುಮಕೂರಿಗೆ ಹೊರಟವಳಿಗೆ "ಮಾರ್ಚಿಗೆ ಬಾ ತಾಯಿ" ಎನ್ನಲಾದೀತೆ?

ಎಲ್ಲಕ್ಕೂ ಸರ್ಕಾರ ಇದೆಯಲ್ಲ, ಅವಳಿಗೇನು ಖರ್ಚು ಎಂದು ಕೇಳುವವರಿದ್ದಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಹೆಣ್ಣಿಗೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನ ಚಾರ್ಜು ಉಳಿಯಿತು. ಇವೆಲ್ಲ ಹೋರಾಡಿ ಪಡೆದ ಹಕ್ಕುಗಳು. ಆದರೆ ಬಸ್ಸಿಲ್ಲದ ಹೊತ್ತಿನ ಆಟೋ ಬಾಡಿಗೆ, ಮಗುವಿನ ಹಾಲು, ಉಟ್ಟ ಸೀರೆಯಲ್ಲೇ ಬಂದವಳಿಗೆ ಬದಲಿ ಬಟ್ಟೆ, ಕಾಗದಪತ್ರಗಳ ಜೆರಾಕ್ಸು, ಕೋರ್ಟಿಗೆ ಅಲೆದ ದಿನದ ಕೂಲಿ, ಬಾಡಿಗೆ ಮನೆಯ ಅಡ್ವಾನ್ಸು? ಕೋರ್ಟು ಜೀವನಾಂಶ ಕೊಡಿಸಬಹುದು, ಆದೇಶ ಬರುವ ತನಕ ಹೊಟ್ಟೆ ಕಾಯುವುದಿಲ್ಲ. ಈ ಸಣ್ಣ ಖರ್ಚಿಗೆ ಕಾಸಿಲ್ಲದೆ ಎಷ್ಟೋ ಹೆಣ್ಣುಮಕ್ಕಳು ಅದೇ ಹೊಸಿಲಿಗೆ ಮರಳುತ್ತಾರೆ. ಅದಕ್ಕೇ ನಮಗೆ ವರ್ಷಕ್ಕೊಮ್ಮೆ ಬರುವ ದೊಡ್ಡ ದೇಣಿಗೆಗಿಂತ ತಿಂಗಳು ತಿಂಗಳೂ ಬರುವ ಸಣ್ಣ ಹಣ ಬೇಕು.

ಇದು ನಮ್ಮ ಜಿಲ್ಲೆಗೆ ಹೊಸ ಮಾತಲ್ಲ. ಸಿದ್ಧಗಂಗಾ ಮಠದ ದಾಸೋಹ ನಡೆದುಬಂದದ್ದು ಹಳ್ಳಿ ಹಳ್ಳಿಯ ರೈತರು ಕೊಟ್ಟ ರಾಗಿ, ಕಾಳು, ತೆಂಗಿನಕಾಯಿಗಳಿಂದ. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ತಾವೇ ಊರೂರು ತಿರುಗಿ ದವಸ ಕೂಡಿಸಿದರು. ಬೆಂಗಳೂರಿನ ಅಕ್ಷಯ ಪಾತ್ರ ಸಂಸ್ಥೆ 2000ರಲ್ಲಿ 5 ಶಾಲೆಗಳ 1,500 ಮಕ್ಕಳಿಗೆ ಊಟ ಬಡಿಸಲು ತೊಡಗಿತು. ಸರ್ಕಾರದ ನೆರವಿನ ಜೊತೆಗೆ ಅದು ಜನರನ್ನೂ ಕೇಳುತ್ತದೆ: ಒಂದು ಮಗುವಿನ ವರ್ಷದ ಊಟಕ್ಕೆ ಇಷ್ಟು ಎಂದು ಫೋನಿನಲ್ಲಿ, ಜಾಲತಾಣದಲ್ಲಿ ಹೇಳುತ್ತದೆ. ಕೊಡುವವನಿಗೆ ತನ್ನ ರೂಪಾಯಿ ಎಲ್ಲಿಗೆ ಹೋಯಿತು ಎಂದು ಕಾಣುತ್ತದೆ. ನಾವು ಕಲಿಯಬೇಕಾದದ್ದು ಇಷ್ಟೇ. "ನೊಂದ ಮಹಿಳೆಯರಿಗೆ ನೆರವಾಗಿ" ಎಂದರೆ ಯಾರ ಕೈಯೂ ಜೇಬಿಗೆ ಹೋಗದು. "ಈ ತಿಂಗಳು ಆಟೋ ಬಾಡಿಗೆಗೆ ಇಷ್ಟು, ಹಾಲಿಗೆ ಇಷ್ಟು ಖರ್ಚಾಯಿತು, ಇಷ್ಟು ಉಳಿದಿದೆ" ಎಂದು ಪ್ರತಿ ತಿಂಗಳ 5ನೇ ತಾರೀಖು ವಾಟ್ಸ್‌ಆ್ಯಪ್‌ನಲ್ಲಿ ಹಾಕಿ ನೋಡಿ. ವಾರದ ಸಭೆಯಲ್ಲಿ ಉಳಿತಾಯದ ಪುಸ್ತಕವನ್ನು ಎಲ್ಲರೆದುರು ಓದುವ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಕೇಳುವ ಮೊದಲು ಕೆಲವು ಕಟ್ಟುಪಾಡು. ಸ್ವಸಹಾಯ ಸಂಘದ ಉಳಿತಾಯ ಸದಸ್ಯೆಯರದು. ದೇಣಿಗೆಯನ್ನು ಅದರೊಳಗೆ ಬೆರೆಸಬಾರದು. ನೋಂದಾಯಿತ ಸಂಸ್ಥೆ ಅಥವಾ ಒಕ್ಕೂಟದ ಹೆಸರಿನ ಬ್ಯಾಂಕ್ ಖಾತೆಯ ಕ್ಯೂಆರ್ ಕೋಡನ್ನೇ ಹಂಚಬೇಕು, ಅಧ್ಯಕ್ಷೆಯ ಸ್ವಂತ ಫೋನಿನದನ್ನಲ್ಲ. ಹತ್ತು ರೂಪಾಯಿಗೂ ರಸೀದಿ ಕೊಡಬೇಕು. ದುಡ್ಡು ಬರಲು ಪಿನ್ ಹಾಕಬೇಕಾಗಿಲ್ಲ; "ದೇಣಿಗೆ ಕಳಿಸುತ್ತೇನೆ, ಪಿನ್ ಒತ್ತಿ" ಎಂದವನು ಕಳ್ಳ. ಮೋಸವಾದರೆ ಕೂಡಲೇ 1930ಕ್ಕೆ ಫೋನು ಮಾಡಿ. ವಿದೇಶಿ ಪೌರರ ಹಣ ಪಡೆಯಲು ಕೇಂದ್ರ ಗೃಹ ಸಚಿವಾಲಯದ ಅನುಮತಿ ಬೇಕು ಎಂಬುದೂ ನೆನಪಿರಲಿ.

ಇನ್ನು ನಾನು ಒತ್ತಿ ಹೇಳಬೇಕಾದ ಮಾತು. ಊದಿದ ಕೆನ್ನೆಯ, ಸುಟ್ಟ ಮೈಯ ಫೋಟೋ ಹಾಕಿದರೆ ಹಣ ಬೇಗ ಬರುತ್ತದೆ ಎನ್ನುವವರು ನಮ್ಮೊಳಗೇ ಇದ್ದಾರೆ. ನಾನು ಒಪ್ಪುವುದಿಲ್ಲ. ಅತ್ಯಾಚಾರಕ್ಕೆ ಒಳಗಾದವಳ ಗುರುತು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಂತೆ ಅಪರಾಧ. ಹೊಡೆತ ತಿಂದವಳ ವಿಷಯದಲ್ಲಿ ಕಾನೂನು ಹೇಳಲಿ ಬಿಡಲಿ, ನಮ್ಮ ನಿಯಮ ಅದೇ ಆಗಬೇಕು. ಒಮ್ಮೆ ಫೋನಿನಿಂದ ಫೋನಿಗೆ ಹೋದ ಚಿತ್ರ ಮರಳಿ ಬಾರದು. ನಾಳೆ ಅದನ್ನು ಅವಳ ಮಗ ನೋಡುತ್ತಾನೆ, ಅವಳನ್ನು ಹುಡುಕುತ್ತಿರುವ ಗಂಡನೂ ನೋಡುತ್ತಾನೆ. ಮೈಯ ಮೇಲಿನ ಗಾಯವನ್ನು ಮಾರುಕಟ್ಟೆಗೆ ಇಡುವುದಾದರೆ, ಹೆಣ್ಣಿಗೆ ಬೆಲೆ ಕಟ್ಟುವ ವರದಕ್ಷಿಣೆಯವರಿಗೂ ನಮಗೂ ಏನು ವ್ಯತ್ಯಾಸ?

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರ ನಂಬರು ಎಲ್ಲರಿಗೂ ಕಾಣುತ್ತದೆ. ಆದ್ದರಿಂದ ದಾನಿಗಳ ಗುಂಪಿಗೆ ನೆರವು ಬೇಡಿ ಬಂದವಳನ್ನು ಸೇರಿಸಬೇಡಿ. ಅವಳ ಹೆಸರು, ಊರು, ಅವಳು ಉಳಿದುಕೊಂಡ ಜಾಗ ಯಾವ ಗುಂಪಿನಲ್ಲೂ ಬರಕೂಡದು. ವಾಟ್ಸ್‌ಆ್ಯಪ್ ಚಾನೆಲ್‌ನಲ್ಲಿ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ಲೆಕ್ಕ ತಿಳಿಸಲು ಅದು ವಾಸಿ.

ಹಾಗಾದರೆ ವರ್ಷವಿಡೀ ಏನು ಹೇಳುವುದು? ನಮ್ಮ ಪಂಚಾಂಗದಲ್ಲೇ ಇದೆ. ಯುಗಾದಿಗೆ ಹಿಂದಿನ ವರ್ಷದ ಪೂರ್ತಿ ಲೆಕ್ಕ. ಮದುವೆಯ ದಿನಗಳಲ್ಲಿ, ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರಿಂದಲೇ ಅಪರಾಧ ಎಂಬ ನೆನಪು. ಜೂನಿನಲ್ಲಿ ಶಾಲೆ ತೆರೆದಾಗ ತಾಯಿಯೊಡನೆ ಮನೆ ಬಿಟ್ಟ ಮಕ್ಕಳಿಗೆ ಪುಸ್ತಕ. ಗೌರಿ ಹಬ್ಬಕ್ಕೆ, ತವರಿನ ಬಾಗಿಲು ಮುಚ್ಚಿದ ಹೆಣ್ಣಿಗೊಂದು ಬಾಗಿನ. ಸಂಕ್ರಾಂತಿಗೆ ಎಳ್ಳಿನ ಜೊತೆ ಒಂದು ಒಳ್ಳೆಯ ಸುದ್ದಿ: ಹೆಸರು ಹೇಳದೆ, ಒಬ್ಬಳು ತನ್ನ ಕಾಲ ಮೇಲೆ ನಿಂತಳೆಂದು. ಪ್ರತಿ ಬಾರಿಯೂ ಕೇಳಬೇಕಿಲ್ಲ. ಮೂರು ಸಲ ತಿಳಿಸಿ, ಒಂದು ಸಲ ಕೇಳಿ.

ಬೆಳ್ಳಾವಿ, ಗುಬ್ಬಿ, ಕುಣಿಗಲ್ ಕಡೆಯಿಂದ ಬೆಂಗಳೂರಿಗೆ ಹೋಗಿ ದುಡಿಯುತ್ತಿರುವ ನಮ್ಮ ಮಕ್ಕಳ ಫೋನಿಗೂ ಈ ಸುದ್ದಿ ತಲುಪಲಿ. 500 ಜನ ತಿಂಗಳಿಗೆ 10 ರೂಪಾಯಿ ಕೊಟ್ಟರೆ 5,000, ವರ್ಷಕ್ಕೆ 60,000. ಮಗಳ ಮದುವೆಗೆ ಒಂದೇ ದಿನ ಲಕ್ಷಗಟ್ಟಲೆ ಸಾಲ ಎತ್ತುವ ಊರಿಗೆ, ಆ ಮಗಳು ಬದುಕಿ ಉಳಿಯಲು ತಿಂಗಳಿಗೆ ಹತ್ತು ರೂಪಾಯಿ ಭಾರವೇ?

ಮುಂದಿನ ಸಭೆಯಲ್ಲಿ ಉಳಿತಾಯ ಬರೆದು ಮುಗಿದ ಮೇಲೆ ಅರ್ಧ ಗಂಟೆ ಕೂತು ಇದನ್ನು ಚರ್ಚಿಸಿ. ಲೆಕ್ಕ ಬರೆಯುವವಳು ಯಾರು, ಫೋನಿನಲ್ಲಿ ಹಾಕುವವಳು ಯಾರು, ಹಾಕುವ ಮುನ್ನ ಓದಿ ನೋಡುವವಳು ಯಾರು ಎಂದು ಅಂದೇ ಗೊತ್ತು ಮಾಡಿ. ಏನು ತೀರ್ಮಾನವಾಯಿತೆಂದು ನಮಗೆ ಬರೆಯಿರಿ.