ಅಂಗಿಯಡಿಯ ಪಿಸ್ತೂಲು

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕೃಷಿಕರಿಗೆ ಕೋವಿ ಹೊಸದಲ್ಲ. ಕಾಡುಹಂದಿ, ಮಂಗಗಳಿಂದ ಬೆಳೆ ಉಳಿಸಲು ಪರವಾನಗಿ ಪಡೆದು ಇಟ್ಟುಕೊಂಡಿರುತ್ತಾರೆ. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ, ಬೆಳೆ ಹಂದಿಯ ಪಾಲಾಗುವುದನ್ನು ನೋಡುತ್ತಾ ಕೂರಬೇಕು. ನಮ್ಮ ತಕರಾರು ಅವರ ಮೇಲಲ್ಲ.

ಅಂಗಿಯಡಿ ಪಿಸ್ತೂಲು ಬಚ್ಚಿಟ್ಟು ಪೇಟೆ ತಿರುಗುವ, ಅದಕ್ಕೆ ಯಾವ ಗುಂಡು ಮೇಲೆಂದು ಚರ್ಚಿಸುವ ಶೋಕಿಯನ್ನು ನಾವು ವಿರೋಧಿಸುತ್ತೇವೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಕೋವಿಗಷ್ಟೇ ಅಲ್ಲ, ತೋಟೆಗೂ ಪರವಾನಗಿ ಬೇಕು. 9 ಎಂ.ಎಂ. ಪಿಸ್ತೂಲು ಜನಸಾಮಾನ್ಯರಿಗೆ ನಿಷಿದ್ಧ. ಪರವಾನಗಿಗೆ ಸಿಗುವುದು ಹೆಚ್ಚಾಗಿ.32. ಅದು ಸಣ್ಣದಾಯಿತೆಂದು ಕೆಲವರಿಗೆ ಕೊರಗು! ಗುರಿ ತಪ್ಪಿದರೆ ಆ ಸಣ್ಣ ಗುಂಡೇ ಸಂತೆಯಲ್ಲಿ ಮೀನು ಕೊಳ್ಳುತ್ತಿರುವ ತಾಯಿಯ ಜೀವ ತೆಗೆಯಬಲ್ಲದು. ಆಕೆಯ ಜಾತಿ-ಧರ್ಮವನ್ನು ಅದು ಕೇಳುವುದಿಲ್ಲ.

ಬಾಣ ಹಿಡಿದು ಮಸೀದಿಗೋ ಪೇಟೆಗೋ ಬರುವವರು, ಯಾರಿಗೂ ತಾಗದಂತೆ ಅದರ ಮೊನೆಯನ್ನು ಕೈಯಲ್ಲಿ ಹಿಡಿದಿರಬೇಕೆಂದು ಪ್ರವಾದಿ ಮುಹಮ್ಮದ್(ಸ) ಕಲಿಸಿದರು. ಹಾರಿದ ಗುಂಡನ್ನು ಯಾವ ಕೈ ಹಿಡಿದೀತು?

ನೆರೆಯವನಿಗೆ ಹೆದರಿ ನಾವು ಗುಂಡು ಆರಿಸತೊಡಗಿದರೆ, ನಮಗೆ ಹೆದರಿ ಅವನೂ ಆರಿಸುತ್ತಾನೆ. ಆಮೇಲೆ ಲಾಭ ತೋಟೆ ಮಾರುವವನಿಗೆ, ಭಯ ಬಿತ್ತುವವನಿಗೆ. ಹೆಣ ಹೊರುವವರು ಮಾತ್ರ ನಾವೇ.