ದಾರ ಎಲ್ಲಿ ತುಂಡಾಗಬೇಕು?

ಟ್ರೋಲ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಕಾಲೆಳೆಯೋ ಮಂದಿ. ಮಳೆಗಾಲ ಬಂದರೆ ಪೇಪರಿನಲ್ಲಿ ಬರೋ 'ಟ್ರಾಲಿಂಗ್' ನಿಷೇಧ ಇನ್ನೊಂದು, ಅದು ಸಮುದ್ರದಲ್ಲಿ ಬಲೆ ಎಳೆಯೋ ಯಾಂತ್ರಿಕ ದೋಣಿಗಳ ಕಥೆ. ನಾನು ಹೇಳ್ತಿರೋದು ಮೂರನೆಯದು. ದೋಣಿ ತನ್ನ ಪಾಡಿಗೆ ಹೋಗ್ತಾ ಇರುತ್ತೆ, ಹಿಂದೆ ಉದ್ದಕ್ಕೆ ಒಂದು ದಾರ, ದಾರದ ತುದಿಯಲ್ಲಿ ಗಾಳ. ಎಳೆಗಾಳ ಅಂತ ಕರೆಯೋಣವೇ? ಇದಕ್ಕಿಂತ ಒಳ್ಳೆ ಪದ ನಿಮಗೆ ಗೊತ್ತಿದ್ದರೆ ಹೇಳಿ ಸ್ವಾಮಿ.

ಕೆ.ಜಿ.ಎಫ್. ಹುಡುಗನಿಗೆ ಇದೆಲ್ಲ ಯಾಕಪ್ಪ ಅಂತ ಕೇಳಬಹುದು. ನಮ್ಮೂರಿನಿಂದ ಸಮುದ್ರ ಇನ್ನೂರು ಕಿ.ಮೀ.ಗೂ ಹೆಚ್ಚು ದೂರ. (ಕೆ.ಜಿ.ಎಫ್. ಅಂದರೆ ಈಗ ಎಲ್ಲರಿಗೂ ಸಿನಿಮಾ. ಅದನ್ನ ಇಲ್ಲಿಗೇ ಬಿಡೋಣ!) ಆದರೆ ನಮ್ಮೂರು ಹಗ್ಗದ ಮೇಲೆ ಬದುಕಿದ ಊರು. ತಾತ ಗಣಿಯಲ್ಲಿ ಉಕ್ಕಿನ ಹಗ್ಗಗಳ ಜೊತೆ ಕೆಲಸ ಮಾಡಿದವರು. ಹಗ್ಗ ನೋಡಿದರೆ ಮೊದಲು ಅದರ ತುದಿ ನೋಡೋ ಚಾಳಿ ಅವರಿಂದ ನನಗೂ ಬಂದಿದೆ. ಜೊತೆಗೆ ಎಂಜಿನಿಯರಿಂಗ್ ಓದಿದ ತಪ್ಪಿಗೆ, ಯಾವುದೇ ವ್ಯವಸ್ಥೆ ಕಂಡರೂ 'ಇದು ಮೊದಲು ಎಲ್ಲಿ ಕೈಕೊಡುತ್ತೆ?' ಅನ್ನೋ ಪ್ರಶ್ನೆ :-)

ಹಾಯಿದೋಣಿಯವರು ಈ ಪ್ರಶ್ನೆಗೆ ಚಂದದ ಉತ್ತರ ಕಂಡುಕೊಂಡಿದ್ದಾರೆ. ಎಂಜಿನ್ ದೋಣಿಯಾದರೆ ಮೀನು ಬಿದ್ದ ತಕ್ಷಣ ವೇಗ ತಗ್ಗಿಸಬಹುದು. ಹಾಯಿದೋಣಿಗೆ ಬ್ರೇಕ್ ಇಲ್ಲ. ಗಾಳಿ ತುಂಬಿಕೊಂಡು ಐದು ಟನ್ ತೂಕದ ದೋಣಿ ಗಂಟೆಗೆ ಒಂಬತ್ತು ಕಿ.ಮೀ. ವೇಗದಲ್ಲಿ ಹೋಗ್ತಿರುವಾಗ ಎಂಟು ಕಿಲೋ ಮೀನು ಗಾಳ ಕಚ್ಚಿತು ಅಂದುಕೊಳ್ಳಿ. ದಾರ ಬಿಗಿಯಾಗಿ ಗೂಟಕ್ಕೆ ಕಟ್ಟಿದ್ದರೆ ಆ ಜರ್ಕ್‌ಗೆ ದಾರ ಹೋಗುತ್ತೆ, ಇಲ್ಲ ಮೀನಿನ ಬಾಯಿ ಹರಿಯುತ್ತೆ. ಅದಕ್ಕೆ ದಾರ ಮತ್ತು ಗೂಟದ ಮಧ್ಯೆ ದಪ್ಪನೆ ರಬ್ಬರ್ ಹಗ್ಗ ಹಾಕ್ತಾರೆ, ಲಗೇಜ್ ಕಟ್ಟೋಕೆ ಬೈಕಿಗೆ ಹಾಕ್ತೀವಲ್ಲ, ಅದೇ ಜಾತಿ. ರಬ್ಬರ್ ಕಿತ್ತುಹೋದರೆ ಇರಲಿ ಅಂತ ಪಕ್ಕದಲ್ಲೇ ಸಡಿಲವಾಗಿ ಇನ್ನೊಂದು ಹುರಿ. ಮುಖ್ಯ ದಾರ ದಪ್ಪ, ಇನ್ನೂರು ಮುನ್ನೂರು ಪೌಂಡ್ ತಡೆಯುವಂಥದ್ದು, ಕೈಯಲ್ಲಿ ಎಳೆದರೂ ಬೆರಳು ಕೊಯ್ಯದಂಥದ್ದು. (ಆದರೂ ದಾರವನ್ನು ಕೈಗೆ ಸುತ್ತಿಕೊಳ್ಳಬಾರದು, ಕೈಗವಸು ಇಲ್ಲದೆ ಮುಟ್ಟಲೂಬಾರದು.) ಅದರ ತುದಿಗೆ ಹುರಿ ತಿರುಚಿಕೊಳ್ಳದಂತೆ ತಿರುಗುವ ಕೊಂಡಿ. ಕೊಂಡಿಯಿಂದಾಚೆ ಗಾಳದವರೆಗೆ ಮಾತ್ರ ತೆಳು ದಾರ, ಮುಖ್ಯ ದಾರದ ಅರ್ಧಕ್ಕಿಂತ ಕಡಿಮೆ ಶಕ್ತಿಯದ್ದು. ನಮ್ಮ ಕರಾವಳಿಯ ಅಂಜಲ್‌ನಂಥ ಹಲ್ಲಿರೋ ಮೀನಾದರೆ ಗಾಳದ ಹತ್ತಿರ ಗೇಣುದ್ದ ಉಕ್ಕಿನ ತಂತಿ.

ಆ ತೆಳು ದಾರವೇ ನನ್ನ ವಿಷಯ. ಅದು ಬೇಕಂತಲೇ ಇಟ್ಟ ದೌರ್ಬಲ್ಯ, ನಮ್ಮ ಮನೆ ಫ್ಯೂಸ್ ಇದ್ದ ಹಾಗೆ. ಮಿತಿ ಮೀರಿದ್ದೇನಾದರೂ ಬಿದ್ದರೆ ಹೋಗೋದು ಗಾಳ ಮತ್ತು ಒಂದೆರಡು ಮಾರು ದಾರ ಅಷ್ಟೇ. ಉಳಿದ ಐವತ್ತು ಮೀಟರ್ ದೋಣಿಗೇ ವಾಪಸ್.

ಗಣಿಯಲ್ಲಿ ಹಗ್ಗ ತುಂಡಾಗಲೇಬಾರದು, ಅದು ಬೇರೆ ಲೋಕ ಅಂತ ನೀವನ್ನಬಹುದು. ನಿಜ. ಚಾಂಪಿಯನ್ ರೀಫ್ 3 ಕಿ.ಮೀ.ಗೂ ಹೆಚ್ಚು ಆಳ, ಹಂತಹಂತವಾಗಿ ತೊಟ್ಟಿಲಲ್ಲಿ ಇಳಿಯೋ ಜನರ ಜೀವ ಹಗ್ಗದ ಮೇಲೆ. ಹಗ್ಗ ಮೊದಲು ಸವೆಯೋದು ತುದಿಯ ಹಿಡಿಕೆ ಹತ್ತಿರ ಅಂತ ಆರು ತಿಂಗಳಿಗೊಮ್ಮೆ ತುದಿ ಕತ್ತರಿಸಿ ಹೊಸದಾಗಿ ಕಟ್ಟೋ ನಿಯಮ. ಆದರೆ ಅಲ್ಲೂ ಒಂದು ಕಳಚಿಕೊಳ್ಳೋ ಜಾಗ ಇತ್ತು ನೋಡಿ! ಎಂಜಿನ್ ನಿಲ್ಲದೆ ತೊಟ್ಟಿಲನ್ನು ಮೇಲಿನ ರಾಟೆಗೇ ಎಳೆದುಬಿಟ್ಟರೆ, ಮಧ್ಯದ ಒಂದು ಕೊಕ್ಕೆ ತಾನಾಗೇ ಬಿಚ್ಚಿಕೊಂಡು ಹಗ್ಗವನ್ನು ಬಿಡುತ್ತೆ, ತೊಟ್ಟಿಲು ಅಲ್ಲೇ ಚೌಕಟ್ಟಿಗೆ ಸಿಕ್ಕಿ ನೇತಾಡುತ್ತೆ. ಇಂಗ್ಲೆಂಡಿನ ಎಡ್ವರ್ಡ್ ಓರ್ಮರಾಡ್ 1860ರ ದಶಕದಲ್ಲಿ ಮಾಡಿದ ಉಪಾಯ. ಎಲ್ಲಿ ಬಿಡಬೇಕು ಅನ್ನೋದನ್ನ ಮೊದಲೇ ಕೂತು ನಿರ್ಧರಿಸಿದವರ ಕೆಲಸ ಅದು.

ಈಗ ಬೇತಮಂಗಲಕ್ಕೆ ಬನ್ನಿ. ಪಾಲಾರ್ ನದಿಯ ಈ ಕೆರೆಯಿಂದಲೇ ಗಣಿ ಊರಿಗೆ ನೀರು ಬರ್ತಿತ್ತು. 2021ರ ನವೆಂಬರ್ ಮಳೆಗೆ ಕೋಲಾರ ಜಿಲ್ಲೆಯಲ್ಲಿ ಬಹಳಷ್ಟು ಕೆರೆಗಳು ಎಷ್ಟೋ ವರ್ಷಗಳ ಮೇಲೆ ತುಂಬಿದವು. ನೀರಿನ ಜೊತೆ ಮೀನು, ಮೀನಿನ ಜೊತೆ ಭಾನುವಾರದ ಗಾಳಗಾರರು. ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನಾ ನನ್ನ ಜೊತೆ ರೈಲಿನಲ್ಲಿ ಹೋಗೋರಲ್ಲೂ ಇಬ್ಬರಿದ್ದಾರೆ. ಅವರ ಸಾಮಾನು ನೋಡಿದರೆ ಸಮುದ್ರಕ್ಕೆ ಹೊರಟವರಂತೆ ಕಾಣ್ತಾರೆ. ವಿಡಿಯೋದಲ್ಲಿ ಹಾಯಿದೋಣಿಯವನು ತೋರಿಸಿದ ಕೃತಕ ಮೀನು, ಅವನದೇ ಕೊಂಡಿ, ಎಲ್ಲ ತರಿಸಿದ್ದಾರೆ. ತರಿಸದೇ ಬಿಟ್ಟಿದ್ದು ಆ ತೆಳು ದಾರ ಒಂದನ್ನೇ!

ಬದಲಿಗೆ ಶುರುವಿನಿಂದ ಗಾಳದವರೆಗೆ ಐವತ್ತು ಪೌಂಡಿನ ಹೆಣೆದ ದಾರ. ಹನ್ನೆರಡು ಪೌಂಡಿನ ಸಾದಾ ನೈಲಾನಿನಷ್ಟೇ ತೆಳು, ಆದರೆ ಹಿಗ್ಗೋದೇ ಇಲ್ಲ. ಕೆರೆಯ ತಳದಲ್ಲಿ ಜಾಲಿ ಬುಡಕ್ಕೆ ಗಾಳ ಸಿಕ್ಕಿತು ಅಂದರೆ ಗಾಳದ ಹತ್ತಿರ ತುಂಡಾಗಲ್ಲ. ಕೊನೆಗೆ ರೀಲಿನ ಹತ್ತಿರ ಬ್ಲೇಡ್ ಹಾಕಿ ಎದ್ದು ಹೋಗ್ತಾರೆ. ನಲವತ್ತು ಐವತ್ತು ಮೀಟರ್ ದಾರ ನೀರಲ್ಲೇ. ಹತ್ತಿ ಹುರಿಯಾಗಿದ್ದರೆ ಕೊಳೀತಿತ್ತು, ಇದು ಕೊಳೆಯಲ್ಲ. ಕಟ್ಟೆ ಪಕ್ಕದ ಪೊದೆಯಲ್ಲಿ ನೀರುಕಾಗೆಯೊಂದು ರೆಕ್ಕೆಗೆ ದಾರ ಸುತ್ತಿಕೊಂಡು ಒಣಗಿ ನೇತಾಡ್ತಿದ್ದದ್ದನ್ನ ನಾನೇ ನೋಡಿದ್ದೀನಿ. ಕೆರೆಗೆ ಇಳಿಯೋ ಎಮ್ಮೆಗಳ ಕಾಲಿಗೂ ಸಿಗೋದು ಇದೇ ದಾರ.

ರೈಲಿನ ಗೆಳೆಯ ಕೇಳಿದ, "ತೆಳು ದಾರ ಹಾಕಿದ್ರೆ ದೊಡ್ಡ ಮೀನು ತಪ್ಪಿಸ್ಕೊಳ್ಳುತ್ತಲ್ಲ ಗುರು, ಬಾಯಲ್ಲಿ ಗಾಳ ಇಟ್ಕೊಂಡು?" ನ್ಯಾಯವಾದ ಪ್ರಶ್ನೆ. ತಪ್ಪಿಸಿಕೊಳ್ಳುತ್ತೆ. ಆದರೆ ಗಾಳ ಮತ್ತು ಒಂದು ಮಾರು ದಾರದ ಜೊತೆ, ಐವತ್ತು ಮೀಟರಿನ ಜೊತೆ ಅಲ್ಲ. ಸ್ಟೇನ್‌ಲೆಸ್ ಬಿಟ್ಟು ತುಕ್ಕು ಹಿಡಿಯೋ ಸಾದಾ ಉಕ್ಕಿನ ಗಾಳ ಹಾಕಿ, ಮುಳ್ಳನ್ನು ಇಕ್ಕಳದಲ್ಲಿ ಒತ್ತಿಬಿಟ್ಟರೆ ಮೀನಿಗೂ ಬಿಡಿಸಿಕೊಳ್ಳೋಕೆ ಅವಕಾಶ. ಬೇತಮಂಗಲದ ಕಾಟ್ಲಾಗೆ ಐವತ್ತು ಪೌಂಡ್ ಬೇಕು ಅನ್ನೋದು ದಾರ ಮಾರೋರು ಹೇಳೋ ಮಾತು. ಹೆಣೆದ ದಾರವೇ ಬೇಕು ಅಂದರೆ ಇಟ್ಟುಕೊಳ್ಳಿ, ತುದಿಗೆ ಎರಡು ಮೀಟರ್ ಹದಿನೈದು ಪೌಂಡಿನ ನೈಲಾನ್ ಕಟ್ಟಿ. ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಿ, ಒಣ ಗಂಟು ಉಜ್ಜಿ ಬಿಸಿಯಾಗಿ ನೈಲಾನ್ ಅಲ್ಲೇ ಸಾಯುತ್ತೆ. ಪ್ರತಿ ಸಲ ಹೊರಡುವಾಗ ತುದಿಯ ಗೇಣುದ್ದ ಕತ್ತರಿಸಿ ಹೊಸ ಗಂಟು ಹಾಕಿ, ತಾತನ ಲೆಕ್ಕ ಅದು.

ಬರುವ ಭಾನುವಾರ ನಾವು ಮೂರು ಜನ ಚೀಲ, ಕತ್ತರಿ ಹಿಡಿದು ಬೇತಮಂಗಲದ ಕಟ್ಟೆ ಮೇಲೆ ದಾರ ಹೆಕ್ಕೋಕೆ ಹೋಗ್ತಿದ್ದೀವಿ. ಬರೋದಾದರೆ ಮಾರಿಕುಪ್ಪಂ ಗಾಡಿ ಹತ್ತಿ ಉರಿಗಾಂನಲ್ಲಿ ಇಳೀರಿ, ಅಲ್ಲಿಂದ ಬಸ್ಸಿಗೆ ಜೊತೆಗೇ ಹೋಗೋಣ. ವಾಪಸ್ ಬರ್ತಾ ಬಂಗಾರಪೇಟೆ ಪಾನಿಪುರಿ ನನ್ನ ಲೆಕ್ಕದಲ್ಲಿ :-)