ಗೃಹಾರೋಗ್ಯ: ದೇಹದ ತಳಹದಿ

ಕಣ್ಣು, ಕಿವಿ, ಹೊಟ್ಟೆಗಳ ವಿಷಯವಾಗಿ ಎಲ್ಲ ಮನೆಗಳಲ್ಲಿಯೂ ಮಾತು ನಡೆಯುವುದು. ಮೂತ್ರದ್ವಾರ, ಗುದದ್ವಾರಗಳ ಮಾತು ಬಂದೊಡನೆಯೇ ಎಲ್ಲರೂ ತಲೆತಗ್ಗಿಸುವರು. ಲಜ್ಜೆಯು ಒಳ್ಳೆಯ ಗುಣವೇ ಸರಿ. ಆದರೆ ಅದರ ದೆಸೆಯಿಂದ ಎಷ್ಟೋ ಮಂದಿ ತಾಯಂದಿರು, ವಾಸಿಯಾಗತಕ್ಕ ತೊಂದರೆಯನ್ನು ಮುದಿತನದವರೆಗೂ ಹೊತ್ತು ನಡೆಯುವರು. ಆದುದರಿಂದ ಈ ತಿಂಗಳು ನಾವು ಆ ಸ್ಥಳದ ರಚನೆಯನ್ನೇ ವಿವರಿಸುವೆವು.

ಕುಳಿತಾಗ ನಮ್ಮ ಭಾರವನ್ನು ಹೊರುವ ಎಲುಬುಗಳು ಎಡಬಲಗಳಲ್ಲಿ ಒಂದೊಂದು ಇರುವುವು. ಮುಂದುಗಡೆ ಕಿಬ್ಬೊಟ್ಟೆಯ ಕೆಳಗಣ ಎಲುಬು, ಹಿಂದುಗಡೆ ಬೆನ್ನುಮೂಳೆಯ ತುದಿ. ಈ ನಾಲ್ಕರ ನಡುವಣ ವಜ್ರಾಕೃತಿಯ ಸ್ಥಳವನ್ನು, ಯೋಗಶಾಸ್ತ್ರದಿಂದ ಪರಿಚಿತವಾದ ಮಾತಿನಲ್ಲಿಯೇ, ಮೂಲಾಧಾರವೆಂದು ಕರೆಯೋಣ. ಇದರ ಮೇಲುಗಡೆ ಸ್ನಾಯುಗಳು ತೊಟ್ಟಿಲಿನ ಬಟ್ಟೆಯಂತೆ ಹರಡಿ ಮೂತ್ರಕೋಶ, ಗರ್ಭಕೋಶ, ಮಲಾಶಯಗಳಿಗೆ ಆಸರೆಯಾಗಿರುವುವು. ಮೂಲಾಧಾರದ ಮುಂಭಾಗದಲ್ಲಿ ಮೂತ್ರನಾಳವೂ ಜನನಾಂಗವೂ, ಹಿಂಭಾಗದಲ್ಲಿ ಗುದನಾಳವೂ ಹೊರಕ್ಕೆ ತೆರೆಯುವುವು.

ಮೂತ್ರನಾಳದ ಉದ್ದವು ಪುರುಷರಲ್ಲಿ ಸುಮಾರು ೨೦ ಸೆಂಟಿಮೀಟರು. ಸ್ತ್ರೀಯರಲ್ಲಿ ೪ ಮಾತ್ರ. ಅದರ ಬಾಯಿಯೂ ಗುದದ್ವಾರಕ್ಕೆ ಸಮೀಪ. ೧೮೮೫ರಲ್ಲಿ ಎಷೆರಿಷ್ ಎಂಬ ವೈದ್ಯನು ವರ್ಣಿಸಿದ ಕ್ರಿಮಿಯೊಂದು ನಮ್ಮೆಲ್ಲರ ಕರುಳಿನಲ್ಲಿ ಸಾಮಾನ್ಯವಾಗಿ ನಿರಪಾಯವಾಗಿ ವಾಸಿಸುವುದು. ಅದೇ ಕ್ರಿಮಿಯು ಈ ಗಿಡ್ಡದಾರಿಯಿಂದ ಮೂತ್ರಕೋಶವನ್ನು ಹೊಕ್ಕರೆ ಉರಿಮೂತ್ರವುಂಟಾಗುವುದು. ಹೆಂಗಸರಿಗೆ ಈ ವ್ಯಾಧಿಯು ಹೆಚ್ಚಾಗಿರುವುದು ಅವರ ಅಶುಚಿಯಿಂದಲ್ಲ, ದೇಹರಚನೆಯಿಂದ. ಮುಂದಿನಿಂದ ಹಿಂದಕ್ಕೆ ತೊಳೆದುಕೊಳ್ಳುವುದನ್ನು ಹೆಣ್ಣುಮಕ್ಕಳಿಗೆ ಚಿಕ್ಕಂದಿನಲ್ಲಿಯೇ ಕಲಿಸತಕ್ಕದ್ದು. ಸಂಕೋಚದಿಂದ ಗಂಟೆಗಟ್ಟಲೆ ಮೂತ್ರವನ್ನು ತಡೆದಿರುವ ಅಭ್ಯಾಸವನ್ನು ಬಿಡಿಸತಕ್ಕದ್ದು.

ಗುದನಾಳವೂ ಸುಮಾರು ೪ ಸೆಂಟಿಮೀಟರು ಉದ್ದವಾದುದು. ಅದಕ್ಕೆ ಬಳೆಯಂತಹ ಎರಡು ಸ್ನಾಯುಗಳ ಕಾವಲಿದೆ. ಒಳಗಿನ ಬಳೆಯು, ನಾವು ನಿದ್ರಿಸುತ್ತಿದ್ದಾಗಲೂ, ತಾನಾಗಿಯೇ ಬಿಗಿದಿರುವುದು. ಹೊರಗಿನದು ನಮ್ಮ ಇಚ್ಛೆಗೆ ಒಳಪಟ್ಟಿರುವುದು. ಜನನದ್ವಾರಕ್ಕೂ ಗುದದ್ವಾರಕ್ಕೂ ನಡುವೆ ಸುತ್ತಲಿನ ಸ್ನಾಯುಗಳು ಕೂಡುವ ಗಂಟೊಂದಿದೆ. ಗಾತ್ರದಲ್ಲಿ ಅಲ್ಪವಾದರೂ ಕಟ್ಟಡಕ್ಕೆ ಕೀಲುಗಲ್ಲಿನಂತೆ ಇದು ಮುಖ್ಯವಾದುದು.

ಹೆರಿಗೆಯಲ್ಲಿ ಈ ಸ್ಥಳವು ಸೀಳುವುದು ಅಪರೂಪವಲ್ಲ. ಸಾಮಾನ್ಯವಾದ ಸೀಳು ಕೆಲವು ವಾರಗಳಲ್ಲಿ ಕೂಡಿಕೊಳ್ಳುವುದು. ಆದರೆ ಸೀಳು ಗುದದ ಬಳೆಯನ್ನು ಮುಟ್ಟಿ, ಅದು ಆಗ ಯಾರ ಕಣ್ಣಿಗೂ ಬೀಳದೆ ಹೋದರೆ, ವಾಯುವನ್ನೂ ಮಲವನ್ನೂ ತಡೆಯುವ ಶಕ್ತಿಯು ಕುಂದಬಹುದು. ತಳದ ಸ್ನಾಯುಗಳು ಸಡಿಲವಾದರೆ ಕೆಮ್ಮಿದಾಗ, ಸೀನಿದಾಗ ಮೂತ್ರವು ಜಿನುಗುವುದು. ಅಂತಹವಳು ಮದುವೆಮುಂಜಿಗಳಿಗೆ ಹೋಗಳು, ದೇವಸ್ಥಾನದ ಮೆಟ್ಟಿಲೇರಳು. "ಅವಳಿಗೆ ಜನ ಸೇರದು" ಎಂದು ಮನೆಯವರು ಆಡಿಕೊಳ್ಳುವರು. ನಿಜವಾದ ಕಾರಣವನ್ನು ಅವಳು ಗಂಡನಿಗೂ ಹೇಳಳು.

೧೯೪೮ರಲ್ಲಿ ಆರ್ನಾಲ್ಡ್ ಕೆಗೆಲ್ ಎಂಬ ಅಮೆರಿಕದ ವೈದ್ಯನು ಈ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಪ್ರಕಟಿಸಿದನು. ಮೂಲಬಂಧವನ್ನು ಬಲ್ಲವರಿಗೆ ಇದು ಹೊಸದೆನಿಸದು. ವಾಯುವನ್ನೂ ಮೂತ್ರವನ್ನೂ ತಡೆಯುವಂತೆ ಸ್ನಾಯುಗಳನ್ನು ಮೇಲಕ್ಕೆ ಸೆಳೆದು, ಐದು ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಸಡಿಲಿಸುವುದು. ಉಸಿರು ಕಟ್ಟಬಾರದು. ಹೀಗೆ ಹತ್ತು ಬಾರಿ, ದಿನಕ್ಕೆ ಮೂರು ಸಲ. ಮೂರು ತಿಂಗಳಾದರೂ ನಡೆಸಬೇಕು. ಮೂತ್ರ ಮಾಡುವಾಗ ಇದನ್ನು ಅಭ್ಯಾಸ ಮಾಡತಕ್ಕದ್ದಲ್ಲ. ಬಳೆಯೇ ಹರಿದಿದ್ದರೆ ವ್ಯಾಯಾಮವೊಂದೇ ಸಾಲದು. ವೈದ್ಯರ ಪರೀಕ್ಷೆಯು ಅವಶ್ಯಕ. ಹೆರಿಗೆಯಾಗಿ ಅನೇಕ ವರ್ಷಗಳು ಕಳೆದಿದ್ದರೂ ಚಿಕಿತ್ಸೆಯುಂಟು.

ಬಾಣಂತಿಯ ಊಟ, ಎಣ್ಣೆನೀರು, ಕಾಯ ಮದ್ದುಗಳಿಗೆ ನಮ್ಮ ಮನೆಗಳಲ್ಲಿ ಕೊರತೆಯಿಲ್ಲ. ಇವುಗಳೊಡನೆ ಮನೆಯ ಹಿರಿಯಳು ಅವಳನ್ನು ಏಕಾಂತದಲ್ಲಿ, "ಮೂತ್ರ, ಮಲಗಳನ್ನು ತಡೆದುಕೊಳ್ಳಲು ಆಗುತ್ತಿದೆಯೇ, ಮಗಳೇ?" ಎಂದು ಒಂದು ಮಾತು ಕೇಳಲಿ. ಆ ಒಂದು ಪ್ರಶ್ನೆಗಾಗಿ ಅವಳು ಕಾದಿರಬಹುದು.